ಮುರಿದ ಸೂಜಿಯ ಮೊನೆ

ಇಂದುಮತಿ ಎಲ್ಲಿ ಕೂರಬೇಕಾದರೂ ಚಾಪೆಯನ್ನು ಒಮ್ಮೆ ಮಗುಚಿ ನೋಡಿಯೇ ಕೂರುತ್ತಿದ್ದಳು. ಮೇಲೆ ಕಾಣುವ ಮುಖವನ್ನು ಅವಳು ನಂಬುತ್ತಿರಲಿಲ್ಲ. ನೆಂಟರ ಮನೆಯ ದಿಂಬು, ಅಂಗಡಿಯ ಸೀರೆ, ಮದುವೆ ಮನೆಯಲ್ಲಿ ಹಾಸಿದ ಜಮಖಾನ, ಎಲ್ಲವನ್ನೂ ಅವಳ ಕೈ ತಾನಾಗಿಯೇ ತಿರುವಿ ಹಾಕುತ್ತಿತ್ತು. ಅದು ಹನ್ನೊಂದು ವರ್ಷ ಗಾರ್ಮೆಂಟ್ಸಿನಲ್ಲಿ ಚೆಕ್ಕರ್ ಆಗಿ ದುಡಿದ ಕೈ. ಹೊಲಿದು ಬಂದ ಬಟ್ಟೆಯನ್ನು ಒಳಮೈ ಹೊರಗೆ ಮಾಡಿ ಹೊಲಿಗೆ ನೋಡುವುದು, ತಪ್ಪು ಕಂಡಲ್ಲಿ ಕೆಂಪು ಬಾಣದ ಸ್ಟಿಕರ್ ಅಂಟಿಸಿ ಹಿಂದಕ್ಕೆ ಕಳಿಸುವುದು, ಇಷ್ಟೇ ಅವಳ ಕೆಲಸ.

ಊರಾಚೆಯ ಎರಡು ಕೋಣೆಯ ಬುದ್ಧವಿಹಾರದಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಭಾನುವಾರದ ಧ್ಯಾನಕ್ಕೆ ಚಾಪೆ ಹಾಸುವವರು ಸಿದ್ಧರಾಜು ಮೇಷ್ಟ್ರು. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಅವರದು ಹಾಜರಿ ಕೂಗುವ ಗಂಟಲು.

"ಏನಮ್ಮ ಚೆಕ್ಕರಮ್ಮ, ಚಾಪೆ ಪಾಸೋ ಫೇಲೋ?"

"ಪಾಸು ಮೇಷ್ಟ್ರೇ. ಅಂಚು ಬಿಚ್ಚಿಕೊಂಡಿದೆ, ನೋಡ್ಕೊಳ್ಳಿ."

"ಬುದ್ಧನಿಗೆ ಮಾತ್ರ ಸ್ಟಿಕರ್ ಅಂಟಿಸಬೇಡ ಮಾರಾಯ್ತಿ."

ಗೋಡೆಯ ಗಡಿಯಾರವನ್ನೂ ಅವಳು ಮೊಬೈಲಿನಲ್ಲಿ ತಾಳೆ ನೋಡುತ್ತಿದ್ದಳು. ಅದು ನಾಲ್ಕು ನಿಮಿಷ ಮುಂದೆ ಓಡುತ್ತಿತ್ತು. ಮುಂದೆ ಯಾಕೆ ಇಟ್ಟಿದ್ದಾರೆ, ಯಾರು ಇಟ್ಟಿದ್ದಾರೆ ಎಂದು ಎರಡು ವರ್ಷದಿಂದ ಯೋಚಿಸುತ್ತಿದ್ದಳು.

ಧ್ಯಾನ ಮಾತ್ರ ಅವಳಿಗೆ ಬಂದ ಮೊದಲ ದಿನವೇ ಹಿಡಿಸಿತ್ತು. ವಿಹಾರದ ಭಿಕ್ಷು ಭಂತೇಜಿ ಹೆಚ್ಚು ಮಾತಾಡುವವರಲ್ಲ. "ಉಸಿರು ಬರುತ್ತದೆ, ನೋಡು. ಉಸಿರು ಹೋಗುತ್ತದೆ, ನೋಡು. ಇರುವುದನ್ನು ಇರುವ ಹಾಗೆ ನೋಡು," ಎನ್ನುತ್ತಿದ್ದರು. ಉಳಿದವರಿಗೆ ಅದು ಕಷ್ಟವಾಗುತ್ತಿತ್ತು. ಕೆಲವರು ತೂಕಡಿಸುತ್ತಿದ್ದರು. ಇಂದುಮತಿಗೆ ನೋಡುವುದೇ ಕಸುಬು. ಇದಕ್ಕೆ ಕಲಿಯಬೇಕಾದ್ದೇನಿದೆ ಅನ್ನಿಸಿತ್ತು.

ಆ ಭಾನುವಾರ ಮಾತ್ರ ಅವಳಿಗೆ ಉಸಿರು ಕಾಣಲಿಲ್ಲ. ಕಣ್ಣು ಮುಚ್ಚಿದರೆ ಗಾರ್ಮೆಂಟ್ಸಿನಲ್ಲಿ ಜೊತೆಗೆ ದುಡಿಯುವ ಮಾದೇವಿಯ ಮುಖ. ಕಣ್ಣು ತೆರೆದರೆ ಎರಡನೇ ಸಾಲಿನಲ್ಲಿ ಕಿಟಕಿಯ ಪಕ್ಕ ಮಾದೇವಿ ಕೂರುತ್ತಿದ್ದ ಖಾಲಿ ಚಾಪೆ. ಬೆಳಿಗ್ಗೆ ಒಳಗೆ ಬರುವಾಗ ಬಾಗಿಲ ಬಳಿ ಒಂದು ಜೊತೆ ಹಸಿರು ಪಟ್ಟಿಯ ಚಪ್ಪಲಿ ಕಂಡಿದ್ದಳು. ಮಾದೇವಿಯ ಚಪ್ಪಲಿಯೂ ಹಸಿರು ಪಟ್ಟಿಯದು. ಚಾಪೆ ಖಾಲಿ, ಚಪ್ಪಲಿ ಬಾಗಿಲಲ್ಲಿ. ಹಾಗಾದರೆ ಅವಳು ಒಳಕೋಣೆಯಲ್ಲಿ ಭಂತೇಜಿಯ ಹತ್ತಿರ ಕೂತು ಮೊದಲೇ ಏನಾದರೂ ಹೇಳಿಕೊಂಡಳೇ?

ಹನ್ನೊಂದಕ್ಕೆ ಧ್ಯಾನ ಮುಗಿಯಿತು. ಎಲ್ಲರೂ ಚಹಾಕ್ಕೆ ಹಿತ್ತಲಿಗೆ ಹೋದರು. ಇಂದುಮತಿ ಎದ್ದು ಒಳಕೋಣೆಗೆ ಇಣುಕಿದಳು. ಯಾರೂ ಇರಲಿಲ್ಲ. ಬಾಗಿಲಿಗೆ ಹೋಗಿ ನೋಡಿದಳು. ಹಸಿರು ಚಪ್ಪಲಿ ಮೆಟ್ಟಿಕೊಂಡು ಯಾರೋ ಅಜ್ಜಿ ಹೊರಟಿದ್ದರು. ಆದರೂ ಅವಳ ಅನುಮಾನ ಹೋಗಲಿಲ್ಲ. ಚಪ್ಪಲಿ ಬೇರೆಯವರದಾದ ಮಾತ್ರಕ್ಕೆ ಮಾದೇವಿ ಭಂತೇಜಿಗೆ ಏನೂ ಹೇಳಿಲ್ಲ ಎಂದು ಹೇಗೆ ಹೇಳುವುದು? ಫೋನು ಇದೆಯಲ್ಲ.

ಭಂತೇಜಿ ಬುದ್ಧನ ಮುಂದಿನ ತಟ್ಟೆಯಿಂದ ಬಾಡಿದ ಹೂಗಳನ್ನು ಆರಿಸುತ್ತಿದ್ದರು. ಇಂದುಮತಿ ಹೋಗಿ ಎದುರಿಗೆ ಕುಳಿತಳು.

"ಭಂತೇಜಿ, ಒಂದು ಪ್ರಶ್ನೆ. ಇರೋದನ್ನ ಇರೋ ಹಾಗೇ ನೋಡು ಅಂತೀರಿ. ನಾನು ಹಾಗೇ ನೋಡಿದೆ. ನೋಡಿದ್ದು ನಿಜಾನೂ ಆಯ್ತು. ಆದರೂ ಮನಸ್ಸು ಯಾಕೆ ನಿಲ್ತಿಲ್ಲ?"

"ಏನು ನೋಡಿದೆ ತಾಯಿ?"

ಇಂದುಮತಿ ಹೇಳತೊಡಗಿದಳು.

ಅವಳು ಕೆಲಸ ಮಾಡುವುದು ನಲವತ್ತು ಮಷೀನಿನ ಸಣ್ಣ ಗಾರ್ಮೆಂಟ್ಸಿನಲ್ಲಿ. ಅಲ್ಲಿ ಹೊಲಿಯುವುದೆಲ್ಲ ಎಳೆಗೂಸುಗಳ ಬಟ್ಟೆ. ಜುಬ್ಬ, ಕಾಲುಚೀಲ, ತಲೆಗೆ ಕಟ್ಟುವ ಕುಲಾವಿ. ಅದಕ್ಕೇ ಅಲ್ಲಿ ಸೂಜಿಯ ನಿಯಮ ಬಿಗಿ. ಮಷೀನಿನ ಸೂಜಿ ಮುರಿದರೆ ಹೊಲಿಯುವವಳು ಎಲ್ಲ ಚೂರುಗಳನ್ನೂ ತಂದು ಒಪ್ಪಿಸಬೇಕು. ಚೂರು ಕೂಡಿಸಿ ಇಡೀ ಸೂಜಿಯಾಗುತ್ತದೆಯೇ ಎಂದು ನೋಡಿ, ಟೇಪು ಹಾಕಿ ಪುಸ್ತಕಕ್ಕೆ ಅಂಟಿಸಿದ ಮೇಲೆಯೇ ಹೊಸ ಸೂಜಿ. ಒಂದು ಚೂರು ಸಿಗದಿದ್ದರೂ ಆ ಹೊತ್ತಿನಲ್ಲಿ ಹೊಲಿದ ಬಟ್ಟೆಯನ್ನೆಲ್ಲ ತಡೆದು ಹುಡುಕಬೇಕು. ದೊಡ್ಡ ಕಾರ್ಖಾನೆಗಳಲ್ಲಿ ಅದಕ್ಕೊಂದು ಯಂತ್ರವಿರುತ್ತದೆ. ಇಲ್ಲಿ ಇದ್ದದ್ದು ಒಂದು ಅಯಸ್ಕಾಂತ ಮತ್ತು ಚೆಕ್ಕರಿನ ಕಣ್ಣು.

ಶುಕ್ರವಾರ ಮಧ್ಯಾಹ್ನ ಮಾದೇವಿಯ ಸೂಜಿ ಮುರಿಯಿತು. ಎರಡು ಚೂರು ತಂದಳು. ಮೊನೆ ಇರಲಿಲ್ಲ. ಮಷೀನಿನ ಕೆಳಗೆ ಅಯಸ್ಕಾಂತ ಎಳೆದರು. ಗುಡಿಸಿದರು. ಸಿಗಲಿಲ್ಲ. ಸೂಪರ್‌ವೈಸರ್ ಗಿರಿಯಪ್ಪ ಬಂದು ನಿಂತ.

"ಲೈನ್ ನಿಂತಿದೆ ಕಣಮ್ಮ! ಮೊನೆ ತಗೊಂಡು ಬಾ. ಇಲ್ಲ, ಬ್ಯಾಗ್ ತಗೊಂಡು ಮನೆಗೆ ಹೋಗು."

ಹತ್ತು ನಿಮಿಷಕ್ಕೆ ಮಾದೇವಿ ಮೊನೆ ತಂದಳು. ಅವಸರದಲ್ಲಿ ಕೂಡಿಸಿ ನೋಡದೆಯೇ ಪುಸ್ತಕಕ್ಕೆ ಅಂಟಿಸಿದರು. ಲೈನ್ ಓಡಿತು.

"ಅರ್ಧ ಗಂಟೆ ಹುಡುಕಿದರೂ ಸಿಗದ್ದು ಆಗ ಹೇಗೆ ಸಿಕ್ತು ಭಂತೇಜಿ? ನನಗೆ ಅಲ್ಲೇ ಹೊಡೀತು. ಅವತ್ತು ಸಂಜೇವರೆಗೂ ಅವಳ ಮೇಲೇ ಕಣ್ಣಿಟ್ಟೆ. ನೀರು ಕುಡಿಯೋಕೆ ಎದ್ದರೂ ನೋಡಿದೆ. ಹೊಲಿದ ಕುಲಾವಿಗಳು ನನ್ನ ಟೇಬಲ್ ಮೇಲೆ ಬರ್ತಾ ಇದ್ವು, ಹೋಗ್ತಾ ಇದ್ವು. ನನ್ನ ಗಮನ ಮಾತ್ರ ಅವಳನ್ನ ಬಿಡಲಿಲ್ಲ."

ಈ ಮಾತನ್ನು ಅವಳು ತುಸು ಹೆಮ್ಮೆಯಿಂದಲೇ ಹೇಳಿದಳು.

ಶನಿವಾರ ಬೆಳಿಗ್ಗೆ ಯಾರೂ ಬರುವ ಮೊದಲೇ ಹೋಗಿ ಅವಳು ಸೂಜಿಯ ಪುಸ್ತಕ ತೆರೆದಿದ್ದಳು. ಭೂತಗನ್ನಡಿ ಹಿಡಿದು ನೋಡಿದಳು. ಕುಲಾವಿ ಹೊಲಿಯುವುದು ಸಣ್ಣ ಸೂಜಿಯಲ್ಲಿ. ಅಂಟಿಸಿದ್ದ ಮೊನೆ ದಪ್ಪ ಸೂಜಿಯದು. ಉಳಿದ ಎರಡು ಚೂರಿಗೂ ಅದು ಹೊಂದುತ್ತಿರಲಿಲ್ಲ. ಅವಳು ಗಿರಿಯಪ್ಪನನ್ನು ಕರೆದು ತೋರಿಸಿದಳು. ಗಿರಿಯಪ್ಪ ಮಾದೇವಿಯನ್ನು ಕರೆಸಿದ. ಮಾದೇವಿ ತಲೆ ತಗ್ಗಿಸಿ ನಿಂತಳು. ಅವಳನ್ನು ಮನೆಗೆ ಕಳಿಸಿದರು. ಸೋಮವಾರ ಬೆಳಿಗ್ಗೆ ಇಂದುಮತಿ ದೂರು ಬರೆದು ಸಹಿ ಹಾಕಿಕೊಡಬೇಕು. ಸಹಿ ಬಿದ್ದರೆ ಮಾದೇವಿಯ ಕೆಲಸ ಹೋಗುತ್ತದೆ. ಸುಳ್ಳು ಸೂಜಿ ಕೊಟ್ಟವಳು ಎಂದು ಹೆಸರಾದರೆ ಆ ಊರಿನ ಬೇರೆ ಯಾವ ಗಾರ್ಮೆಂಟ್ಸೂ ಅವಳನ್ನು ಒಳಗೆ ಬಿಡುವುದಿಲ್ಲ.

"ಅವಳನ್ನ ಇಲ್ಲಿಗೆ ಕರ್ಕೊಂಡು ಬಂದವಳೂ ನಾನೇ," ಎಂದಳು ಇಂದುಮತಿ. "ಬಂದು ಮೂರು ತಿಂಗಳಾಗಿಲ್ಲ, ಧ್ಯಾನಕ್ಕೆ ಕೂತರೆ ಕಣ್ಣಲ್ಲಿ ನೀರು ಇಳಿಸ್ತಿದ್ಲು. ನನಗೆ ಎರಡು ವರ್ಷದಲ್ಲಿ ಒಂದು ಹನಿ ಬಂದಿಲ್ಲ. ಆಗಲೇ ನನಗೆ ಅನುಮಾನ, ಇದು ಯಾರಿಗೆ ತೋರಿಸೋಕೆ ಅಂತ."

ಭಂತೇಜಿ ಹೂ ಆರಿಸುತ್ತಲೇ ಇದ್ದರು. "ಅನುಮಾನ ತಪ್ಪಾಗಿರಬಹುದಲ್ಲವೆ?"

ಇಂದುಮತಿ ಈ ಪ್ರಶ್ನೆಗೇ ಕಾದಿದ್ದವಳಂತೆ ಮೊಬೈಲ್ ತೆಗೆದಳು. "ಸಾಕ್ಷಿ ಇದೆ ಭಂತೇಜಿ. ನಿನ್ನೆ ಸಂಜೆ ಅವಳೇ ವಾಯ್ಸ್ ಮೆಸೇಜ್ ಕಳಿಸಿದ್ದಾಳೆ. ಕೇಳಿ."

ಮೊಬೈಲಿನಿಂದ ಮಾದೇವಿಯ ದನಿ ಬಂತು.

"ಇಂದಕ್ಕಾ, ನಾನು ಮಾದೇವಿ. ನೀವು ಹೇಳಿದ್ದು ನಿಜ ಅಕ್ಕಾ. ಆ ಮೊನೆ ನನ್ನ ಸೂಜೀದಲ್ಲ. ಆ ಕಡೆ ದಪ್ಪ ಬಟ್ಟೆ ಮಷೀನಿನ ಕೆಳಗೆ ಬಿದ್ದಿತ್ತು, ಅದನ್ನೇ ತಂದುಕೊಟ್ಟೆ. ಸುಳ್ಳು ಹೇಳ್ದೆ ಅಕ್ಕಾ. ಹೆದರಿಬಿಟ್ಟೆ..."

ದನಿ ಒಡೆಯಿತು. ಇಂದುಮತಿ ಹೆಬ್ಬೆರಳಿಟ್ಟು ಅಲ್ಲಿಗೇ ನಿಲ್ಲಿಸಿದಳು.

"ಕೇಳಿದ್ರಾ? ಅವಳ ಬಾಯಲ್ಲೇ ಬಂತು."

"ಮುಗಿಯಿತೆ?"

"ಮುಂದೆ ಬರೀ ಅಳು ಇರುತ್ತೆ ಭಂತೇಜಿ. ಕೆಲಸ ಉಳಿಸಿ ಅಕ್ಕಾ, ಕಾಲಿಗೆ ಬೀಳ್ತೀನಿ ಅಂತ. ಇಂಥವು ಎಷ್ಟು ಕೇಳಿದ್ದೀನಿ ನಾನು."

"ನಿನ್ನೆಯಿಂದ ಇದನ್ನು ಎಷ್ಟು ಸಲ ಹಾಕಿ ಕೇಳಿದೆ?"

"ಹತ್ತು ಹನ್ನೆರಡು ಸಲ ಇರಬಹುದು."

"ಪ್ರತಿ ಸಲವೂ ಇಲ್ಲಿಗೇ ನಿಲ್ಲಿಸಿದೆಯಾ?"

"ಬೇಕಾದ್ದು ಇಲ್ಲಿಗೆ ಸಿಕ್ತಲ್ಲ."

ಭಂತೇಜಿ ಬಾಡಿದ ಹೂಗಳನ್ನು ಒಂದು ಎಲೆಯ ಮೇಲೆ ಹಾಕಿ ಪಕ್ಕಕ್ಕಿಟ್ಟರು. ಕೈ ಒರೆಸಿಕೊಂಡರು.

"ಹಗೇವು ನೋಡಿದ್ದೀಯಾ ತಾಯಿ?"

"ನಮ್ಮಜ್ಜಿ ಹೇಳ್ತಿದ್ದರು. ನೆಲದೊಳಗೆ ರಾಗಿ ತುಂಬಿಡೋ ಗುಂಡಿ ಅಲ್ವಾ?"

"ಅದೇ. ಗಟ್ಟಿ ನೆಲದಲ್ಲಿ ಆಳವಾಗಿ ತೋಡಿ, ಒಳಗೆಲ್ಲ ಹುಲ್ಲು ಹೊದಿಸಿ, ರಾಗಿ ಸುರಿದು, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತುತ್ತಾರೆ. ಹಾಗೆ ಇಟ್ಟ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ನೀರು ಮಾತ್ರ ಸೋಕಬಾರದು."

ಇಷ್ಟು ಹೇಳಿ ಅವರು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅವನಿಗೆ ಒಂದು ಹಗೇವು ಇತ್ತು. ಅದರಲ್ಲಿ ಮನೆಮಂದಿಗೆ ಮೂರು ವರ್ಷಕ್ಕಾಗುವಷ್ಟು ರಾಗಿ ಇತ್ತು. ಒಮ್ಮೆ ರೈತ ತಮ್ಮನ ಊರಿಗೆ ಹೋಗಿ ಆರು ತಿಂಗಳು ಇರಬೇಕಾಯಿತು. ಅವನು ಒಬ್ಬ ಕಾವಲುಗಾರನನ್ನು ಕರೆದ.

"ಹಗೇವು ನೋಡಿಕೋ," ಎಂದ.

"ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ತೀನಿ, ನೀವು ಹೋಗಿಬನ್ನಿ," ಎಂದ ಕಾವಲುಗಾರ.

ಅವನು ಪ್ರಾಮಾಣಿಕ. ಒಂದು ಹಿಡಿ ರಾಗಿಗೂ ಆಸೆಪಟ್ಟವನಲ್ಲ. ಚಪ್ಪಡಿಯ ಮೇಲೆಯೇ ಕುಳಿತ. ದೊಣ್ಣೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ. ದಾರಿಯ ಕಡೆ ಮುಖ ಮಾಡಿದ.

ದಾರಿಯಲ್ಲಿ ಜನ ಹೋಗುತ್ತಿದ್ದರು. ಒಬ್ಬ ಹಗೇವಿನ ಕಡೆ ನೋಡಿಕೊಂಡು ಹೋದ. ಇವನಿಗೆ ಆಸೆ ಇದೆ ಎಂದುಕೊಂಡ ಕಾವಲುಗಾರ. ಇನ್ನೊಬ್ಬ ನೋಡದೆ ಹೋದ. ಆಸೆ ಗೊತ್ತಾಗಬಾರದೆಂದು ನೋಡುತ್ತಿಲ್ಲ ಎಂದುಕೊಂಡ. ನಿಂತು ಕ್ಷೇಮ ಕೇಳಿದವನು ಹೊಂಚು ಹಾಕುವವನು. ಕೇಳದೆ ಹೋದವನು ಹೊಂಚು ಹಾಕಿ ಮುಗಿಸಿದವನು. ತಿಂಗಳು ಕಳೆಯುವುದರಲ್ಲಿ ಅವನ ಪಾಲಿಗೆ ಆ ಊರಿನಲ್ಲಿ ಒಳ್ಳೆಯವರು ಒಬ್ಬರೂ ಉಳಿಯಲಿಲ್ಲ.

ಇಂದುಮತಿಯ ಹುಬ್ಬು ಗಂಟಿಕ್ಕಿತು. ಈ ಕಾವಲುಗಾರ ಯಾರೆಂದು ಅವಳಿಗೆ ಆಗಲೇ ಗೊತ್ತಾಗಿತ್ತು. ಕತೆ ಎಲ್ಲಿಗೆ ಹೋಗುತ್ತದೆ ಎನ್ನುವುದೂ ಗೊತ್ತಾಗಿತ್ತು. ಕಡ್ಡಿ ಕದ್ದವರೂ ಇರಲಿಲ್ಲ, ಎಲ್ಲ ಇವನ ಭ್ರಮೆ ಎಂದು ಮುಗಿಸುತ್ತಾರೆ. ಖಂಡಿತ ಮಾದೇವಿ ಮೊದಲೇ ಹೇಳಿಟ್ಟಿದ್ದಾಳೆ.

ಭಂತೇಜಿ ಹೇಳಿದರು:

ಅವನ ಅನುಮಾನ ಸುಳ್ಳಾಗಲಿಲ್ಲ. ಒಂದು ದಿನ ನಿಜವಾಗಿಯೂ ಕಳ್ಳ ಬಂದ.

ಇಂದುಮತಿ ತಲೆಯೆತ್ತಿದಳು.

ಮಧ್ಯಾಹ್ನ ಕಾವಲುಗಾರ ಊಟಕ್ಕೆ ಎದ್ದು ಹೋಗಿದ್ದ. ತಿರುಗಿ ಬಂದಾಗ ಒಬ್ಬ ಮನುಷ್ಯ ಚಪ್ಪಡಿಯನ್ನು ಅರ್ಧ ಸರಿಸಿ, ಹಗೇವಿನೊಳಗೆ ಕೈ ಇಳಿಬಿಟ್ಟಿದ್ದ. ಪಕ್ಕದಲ್ಲಿ ಖಾಲಿ ಚೀಲ. ಕಾವಲುಗಾರ ಹಿಂದಿನಿಂದ ಬಂದು ಕುತ್ತಿಗೆಗೆ ಕೈ ಹಾಕಿದ.

ಕಳ್ಳ ಓಡಲಿಲ್ಲ. "ಅಣ್ಣಾ, ನಾನು ಕಳ್ಳನೇ. ರಾಗಿ ಕದಿಯೋಕೇ ಬಂದೆ. ಆದರೆ ಇಲ್ಲಿ ಕೇಳು..." ಎಂದ.

ಕಾವಲುಗಾರ ಊರಿಗೆಲ್ಲ ಕೇಳುವ ಹಾಗೆ ಕೂಗಿದ. "ಬನ್ನಿರಪ್ಪೋ ಬನ್ನಿ! ಕೇಳಿದಿರಾ? ಅವನ ಬಾಯಲ್ಲೇ ಬಂತು!"

ಇಂದುಮತಿಯ ಹೆಬ್ಬೆರಳು ಮೊಬೈಲಿನ ಅಂಚನ್ನು ಒತ್ತಿ ಹಿಡಿಯಿತು. ಈ ಮಾತನ್ನು ಭಂತೇಜಿ ಬೇಕೆಂದೇ ಸೇರಿಸಿದರೋ, ಕತೆಯಲ್ಲೇ ಇತ್ತೋ, ಅವಳಿಗೆ ತಿಳಿಯಲಿಲ್ಲ. ಅವರ ಮುಖ ನೋಡಿದಳು. ಅಲ್ಲಿ ಏನೂ ಸಿಗಲಿಲ್ಲ.

ಜನ ಸೇರಿದರು. ಕಳ್ಳ ಏನೋ ಹೇಳುತ್ತಲೇ ಇದ್ದ. ತನ್ನ ಕೈ ಮುಂದೆ ಚಾಚಿ ತೋರಿಸಿದ. ಹಗೇವಿನ ಕಡೆ ಬೆರಳು ಮಾಡಿದ. ನೋಡಿ, ಇನ್ನೂ ಆಸೆ ಬಿಟ್ಟಿಲ್ಲ ಎಂದು ಜನ ನಕ್ಕರು. ನಾಲ್ಕು ಬಿಗಿದು ಊರ ಹೊರಗೆ ಅಟ್ಟಿಬಂದರು. ಕಾವಲುಗಾರ ಚಪ್ಪಡಿಯನ್ನು ಮತ್ತೆ ಎಳೆದು ಮುಚ್ಚಿದ. ಇನ್ನು ಯಾರೂ ಸರಿಸಬಾರದೆಂದು ಮೇಲೆ ಎರಡು ದೊಡ್ಡ ಕಲ್ಲು ಹೇರಿದ. ಸಂದಿಗೆಲ್ಲ ಮಣ್ಣು ಮೆತ್ತಿದ. ಕಾವಲು ಅಂದರೆ ಹೀಗಿರಬೇಕು ಎಂದು ಊರೆಲ್ಲ ಹೊಗಳಿತು.

ಅವನಿಗೆ ಹೆಮ್ಮೆಯಾಯಿತು. ಆದರೆ ನೆಮ್ಮದಿಯಾಗಲಿಲ್ಲ. ಕಳ್ಳ ಸಿಕ್ಕ. ತನ್ನ ಅನುಮಾನ ನಿಜವೆಂದು ಹತ್ತು ಜನರೆದುರು ಗೊತ್ತಾಯಿತು. ಆದರೂ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ, ಕಣ್ಣು ಹತ್ತುವುದಿಲ್ಲ. ಏಕೆಂದು ಅವನಿಗೂ ತಿಳಿಯಲಿಲ್ಲ.

ಆರು ತಿಂಗಳು ಕಳೆಯಿತು. ರೈತ ಬಂದ. ಇಬ್ಬರೂ ಸೇರಿ ಕಲ್ಲುಗಳನ್ನು ಇಳಿಸಿದರು. ಚಪ್ಪಡಿ ಸರಿಸಿದರು. ಒಳಗಿನಿಂದ ಬಿಸಿ ಹಬೆ ಬಂತು. ಹುಳಿ ನಾತ ಮುಖಕ್ಕೆ ಹೊಡೆಯಿತು. ಪಕ್ಕದ ಹೊಲದವರು ಹೊಸದಾಗಿ ತೋಡಿದ್ದ ಕಾಲುವೆಯ ನೀರು ನೆಲದೊಳಗೇ ಜಿನುಗಿ ಹಗೇವಿಗೆ ಇಳಿದಿತ್ತು. ರಾಗಿಯೆಲ್ಲ ಕಪ್ಪಾಗಿ, ಬೂಷ್ಟು ಹಿಡಿದು, ಹೆಂಟೆಗಟ್ಟಿತ್ತು. ದನಕ್ಕೂ ಹಾಕುವ ಹಾಗಿರಲಿಲ್ಲ.

ರೈತ ಮಣ್ಣಿನ ಮೇಲೆ ಕುಳಿತ.

"ಏನಪ್ಪಾ ನೋಡಿಕೊಂಡೆ?"

"ಹೋದವರು ಬಂದವರನ್ನೆಲ್ಲ ನೋಡಿದೆ ಯಜಮಾನ್ರೇ. ಒಂದು ಕಾಳು ಹೊರಗೆ ಹೋಗಿಲ್ಲ. ಕಳ್ಳನನ್ನೂ ಹಿಡಿದೆ. ಚಪ್ಪಡಿ ಸರಿಸಿ ಕೈ ಹಾಕಿದ್ದ. ನಾನು ಕಳ್ಳನೇ ಅಂತ ಅವನೇ ಒಪ್ಪಿಕೊಂಡ."

"ಆಮೇಲೆ ಏನಂದ?"

ಕಾವಲುಗಾರ ಯೋಚಿಸಿದ. ಆಮೇಲೆ ಕಳ್ಳ ಏನೋ ಅಂದಿದ್ದ. ಒದ್ದೆ ಕೈಯನ್ನು ಮುಂದೆ ಚಾಚಿ, ಹಗೇವು ತೋರಿಸಿ, ಒಂದೇ ಸಮ ಏನೋ ಹೇಳಿದ್ದ. ಆ ಕೈ ಒದ್ದೆಯಾಗಿತ್ತು ಎನ್ನುವುದು ಕಾವಲುಗಾರನಿಗೆ ಈಗ ನೆನಪಾಯಿತು. ಹೇಳಿದ್ದು ಏನೆಂದು ನೆನಪಾಗಲಿಲ್ಲ. ಕೇಳಿಸಿಕೊಂಡಿದ್ದರೆ ತಾನೆ ನೆನಪಿರುವುದು.

ಭಂತೇಜಿ ಇಲ್ಲಿಗೆ ನಿಲ್ಲಿಸಿದರು.

ಹಿತ್ತಲಿನಲ್ಲಿ ಮೇಷ್ಟ್ರು ಯಾರಿಗೋ ಚಹಾ ಸಾಲದೆಂದು ಗದರುತ್ತಿದ್ದರು. ಲೋಟಗಳ ಸದ್ದು ಬರುತ್ತಿತ್ತು. ಇಂದುಮತಿ ಸೆರಗಿನ ಅಂಚನ್ನು ಮಗುಚಿ ಹೊಲಿಗೆಯ ಮೇಲೆ ಉಗುರು ಎಳೆಯುತ್ತಿದ್ದಳು.

"ಗೊತ್ತಾಯ್ತು ಭಂತೇಜಿ," ಎಂದಳು ಕೊನೆಗೆ. "ಕಳ್ಳನಾದರೂ ಕರುಣೆ ತೋರಿಸಬೇಕು ಅಂತೀರಿ. ಮಾದೇವೀನ ಕ್ಷಮಿಸು ಅಂತೀರಿ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವಳು ನಿಮಗೆ ಫೋನ್ ಮಾಡಿದ್ಲಾ?"

"ಇಲ್ಲ."

"ಮತ್ತೆ ಈ ಕತೆ?"

"ನೀನು ಕೇಳಿದ ಪ್ರಶ್ನೆಗೆ. ನೋಡಿದ್ದು ನಿಜವಾದರೂ ಮನಸ್ಸು ಯಾಕೆ ನಿಲ್ಲುತ್ತಿಲ್ಲ ಅಂದೆ."

"ಹಾಗಾದ್ರೆ ಸರಿ. ನಾನು ಸಹಿ ಹಾಕಲ್ಲ. ಆಯ್ತಾ? ಕ್ಷಮಿಸಿದೆ."

ಹೀಗೆ ಹೇಳಿದ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಎದೆಯೊಳಗೆ ಏನೋ ಚುಚ್ಚುತ್ತಲೇ ಇತ್ತು, ಬಟ್ಟೆಯ ಮಡಿಕೆಯಲ್ಲಿ ಎಲ್ಲೋ ಇದೆ, ಬೆರಳಿಗೆ ಮಾತ್ರ ಸಿಗುತ್ತಿಲ್ಲ ಎನ್ನುವ ಹಾಗೆ.

"ಕ್ಷಮೆಯ ಮಾತನ್ನು ನಾನು ಎತ್ತಲಿಲ್ಲ ತಾಯಿ," ಎಂದರು ಭಂತೇಜಿ. "ಸಹಿ ಹಾಕು, ಬಿಡು. ಅದು ನಾಳೆಯ ಮಾತು. ರೈತ ಕೇಳಿದ್ದನ್ನೇ ನಾನೂ ಕೇಳುತ್ತೇನೆ. ಆಮೇಲೆ ಏನಂದಳು?"

ಇಂದುಮತಿ ಮೊಬೈಲನ್ನು ನೋಡಿದಳು. ನಿಲ್ಲಿಸಿದ್ದ ಗೆರೆ ಅರ್ಧವೂ ದಾಟಿರಲಿಲ್ಲ. ಇಷ್ಟು ಉದ್ದವಿದೆಯೆಂದು ಅವಳು ಈವರೆಗೆ ನೋಡಿರಲಿಲ್ಲ. ಹೆಬ್ಬೆರಳು ಒತ್ತಿದಳು.

ಮೊದಲು ಅಳು ಬಂತು. ಅವಳು ಹೇಳಿದ್ದು ಅಷ್ಟರಮಟ್ಟಿಗೆ ಸರಿಯಾಗಿತ್ತು. ಆಮೇಲೆ ಮೂಗು ಒರೆಸಿಕೊಂಡ ಸದ್ದು. ಆಮೇಲೆ ಮಾತು.

"ನನ್ನ ಕೆಲಸ ಹೋಗ್ಲಿ ಅಕ್ಕಾ. ನೀವು ಬರ್ಕೊಡಿ, ನಾನೇನೂ ಅನ್ಕೊಳ್ಳಲ್ಲ. ತಪ್ಪು ನಂದೇ. ಆದರೆ ನನ್ನ ಸೂಜಿ ಮೊನೆ ಇನ್ನೂ ಸಿಕ್ಕಿಲ್ಲ ಅಕ್ಕಾ. ನಾನು ಇನ್ನೊಂದು ತಂದುಕೊಟ್ಟಿದ್ದಕ್ಕೆ ಎಲ್ಲರೂ ಹುಡುಕೋದು ನಿಲ್ಲಿಸಿಬಿಟ್ರು. ಅದು ಕುಲಾವಿ ಒಳಗೇ ಹೋಗಿರಬೇಕು. ಹಸಿರು ಅಂಚಿನವು, ಮೂವತ್ತೆರಡನೇ ಬಂಡಲ್. ನಿಮ್ಮ ಟೇಬಲ್ ಮೇಲೇ ಹೋಯ್ತು, ಎಂಟನೇ ಡಬ್ಬಕ್ಕೆ ತುಂಬಿದ್ರು. ಗಿರಿಯಪ್ಪ ಸಾರ್ ನನ್ನ ಫೋನ್ ಎತ್ತುತ್ತಿಲ್ಲ. ನಮ್ಮ ಪಕ್ಕದ ಮನೆ ಲೋಡಿಂಗ್ ಅಣ್ಣ ಹೇಳ್ದ, ಲಾರಿ ಸೋಮವಾರ ಅಲ್ವಂತೆ, ನಾಳೆ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೇ ಹೊರಡುತ್ತಂತೆ. ನಾನು ಹೋದರೆ ಗೇಟಲ್ಲಿ ಬಿಡಲ್ಲ. ನೀವು ಒಂದು ಫೋನ್ ಮಾಡಿದ್ರೆ ನಿಲ್ಲಿಸ್ತಾರೆ, ಚೆಕ್ಕರ್ ಮಾತು ಮೀರಲ್ಲ. ಇಂದಕ್ಕಾ, ಎಂಟನೇ ಡಬ್ಬ ಬಿಚ್ಚಿಸಿ ಅಕ್ಕಾ. ಯಾರದೋ ಕೂಸಿನ ನೆತ್ತಿ ಅಕ್ಕಾ ಅದು. ಬಿಚ್ಚಿಸ್ತೀರಾ? ಒಂದು ಮಾತು ಹೇಳಿ ಅಕ್ಕಾ."

ದನಿ ನಿಂತಿತು. ಅದರ ಕೆಳಗೆ ನಿನ್ನೆ ಸಂಜೆಯಿಂದ ಯಾವ ಉತ್ತರವೂ ಹೋಗಿರಲಿಲ್ಲ.

ಇಂದುಮತಿ ಶುಕ್ರವಾರ ತನ್ನ ಟೇಬಲ್ ದಾಟಿ ಹೋದ ಕುಲಾವಿಗಳಲ್ಲಿ ಒಂದನ್ನಾದರೂ ನೆನೆಯಲು ನೋಡಿದಳು. ಮಾದೇವಿ ಎಷ್ಟು ಸಲ ನೀರಿಗೆ ಎದ್ದಳು ಎನ್ನುವುದು ನೆನಪಿತ್ತು. ಹಸಿರು ಅಂಚು ನೆನಪಿರಲಿಲ್ಲ.

ಭಂತೇಜಿ ಮೆಲ್ಲಗೆ ಕೇಳಿದರು:

"ಈಗ ಗಂಟೆ ಎಷ್ಟು, ತಾಯಿ?"